ಎಂಟಾಸ್ಕ್: ಸಾಲೆಣಿಕೆಯಲ್ಲಿ ಮರೆತ ಗುಣ

ಪುಟ್ಟ ಮೈಕ್ರೊಕಂಟ್ರೋಲರ್ ಸಾಧನಗಳ ಕೆಲಸವನ್ನು 'ಟಾಸ್ಕ್'ಗಳಾಗಿ ಬರೆಯುವ ವ್ಯವಸ್ಥೆ ಎಂಟಾಸ್ಕ್. ಅದರ ಬಗ್ಗೆ ಯಾರೇ ಮಾತಾಡಲಿ, ಶೇ. 70ರ ಲೆಕ್ಕ ಮೊದಲು ಬರುತ್ತದೆ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯ ಮತ್ತು ಗ್ಲಾಸ್ಗೋದ ಸಂಶೋಧಕರು ಕೂಡಿ ನಡೆಸಿದ ಹೋಲಿಕೆಯಲ್ಲಿ, ಏಳು ಭಾಷೆ ಬೆರೆಸಿ ಬರೆದ ಕ್ಯಾಂಪಸ್ ಸೆನ್ಸರ್ ವ್ಯವಸ್ಥೆಗಿಂತ ಕ್ಲೀನ್ ಎಂಬ ಫಂಕ್ಷನಲ್ ಭಾಷೆಯ ಐಟಾಸ್ಕ್ (ಸರ್ವರ್ ಕಡೆ)–ಎಂಟಾಸ್ಕ್ (ಸಾಧನದ ಕಡೆ) ಜೋಡಿಗೆ ಅಷ್ಟು ಕಡಿಮೆ ಕೋಡ್ ಸಾಕಾಯಿತು. ಲೆಕ್ಕ ಸುಳ್ಳಲ್ಲ. ಆದರೆ ಸಾಲೆಣಿಸಿ ಹೊಗಳುವವರು ಸಾಧನದೊಳಗೆ ಮೊದಲೇ ಕೂತು ಟಾಸ್ಕ್ ನಡೆಸುವ ರನ್‌ಟೈಮನ್ನು ಯಾರೋ ಬರೆದು ಕಾಯಬೇಕೆಂಬುದನ್ನು ಮರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಈ ವ್ಯವಸ್ಥೆಯ ನಿಜವಾದ ಗುಣವನ್ನೇ ಕಾಣದೆ ಹೋಗುತ್ತಾರೆ.

ಆ ಗುಣ ಕಾಣುವುದು 'ಡಿಲೇ'ಯಲ್ಲಿ. ಆರ್ಡ್ಯುಯಿನೊದಲ್ಲಿ ಎಲ್‌ಇಡಿ ಮಿಟುಕಿಸುವುದು ಮೊದಲ ದಿನದ ಪಾಠ: ಹಚ್ಚು, ಕಾಯಿ, ಆರಿಸು, ಕಾಯಿ. ಎರಡನೆಯ ಎಲ್‌ಇಡಿಯನ್ನು ಬೇರೆ ವೇಗದಲ್ಲಿ ಮಿಟುಕಿಸಲು ಹೊರಟರೆ ಪಾಠ ಕೈಕೊಡುತ್ತದೆ. ಅಲ್ಲಿನ ಡಿಲೇ ಇಡೀ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. ಹಾಗಾಗಿ ಎಷ್ಟು ಹೊತ್ತಾಯಿತೆಂದು ಹೇಳುವ 'ಮಿಲ್ಲಿಸ್' ಓದಿ, ಹಿಂದಿನ ಹೊತ್ತು ನೆನಪಿಟ್ಟು, ಸರದಿಯನ್ನು ಕೈಯಾರೆ ಹೆಣೆಯಬೇಕು. ಎರಡು ಸರಳ ಕೆಲಸಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಂಟಾಸ್ಕ್‌ನಲ್ಲಿ ಡಿಲೇ ತಾನೇ ಒಂದು ಟಾಸ್ಕ್. ಹೊತ್ತು ತುಂಬುವವರೆಗೆ 'ಇನ್ನೂ ಮುಗಿದಿಲ್ಲ' ಎನ್ನುತ್ತದೆ, ಪಕ್ಕದವರನ್ನು ತಡೆಯುವುದಿಲ್ಲ. ರನ್‌ಟೈಮ್ ಪ್ರತಿ ಟಾಸ್ಕನ್ನೂ ಪುಟ್ಟ ಹೆಜ್ಜೆಗಳಲ್ಲಿ ಸರದಿಯಂತೆ ನಡೆಸುತ್ತದೆ. ಎರಡು ಮಿಟುಕುಗಳನ್ನು ಬೇರೆಬೇರೆ ಬರೆದು ನಡುವೆ ಅವನ್ನು ಒಟ್ಟಿಗೆ ನಡೆಸುವ ಒಂದು ಸಮಾಂತರ ಕಾಂಬಿನೇಟರ್ ಇಟ್ಟರೆ ಮುಗಿಯಿತು. ಗಡಿಯಾರ ಕಾಯುವ ಹೊಣೆ ಬರೆಯುವವರ ಹೆಗಲಿನಿಂದ ಇಳಿದಿದೆ. ಇದನ್ನು ಯಾವ ಸಾಲೆಣಿಕೆ ತೋರಿಸೀತು?

2 ಕೆಬಿ ರ‍್ಯಾಮ್‌ನ ಆರ್ಡ್ಯುಯಿನೊ ಯುನೊ ಬೋರ್ಡಿನಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಆಗದ ಮಾತು ಎನ್ನುವ ಇನ್ನೊಂದು ಬಣವಿದೆ. ಅವರ ಆಕ್ಷೇಪ ಇನ್ನೂ ದುರ್ಬಲ. ಕ್ಲೀನ್ ಆ ಬೋರ್ಡಿಗೆ ಹೋಗುವುದೇ ಇಲ್ಲ. ಸರ್ವರ್‌ನ ಪ್ರೋಗ್ರಾಂ ಓಡುತ್ತಿರುವಾಗಲೇ ಟಾಸ್ಕ್ ಬೈಟ್‌ಕೋಡ್ ಆಗಿ ಸಾಧನ ತಲುಪಿ ರ‍್ಯಾಮ್‌ನಲ್ಲಿ ಉಳಿಯುತ್ತದೆ; 10,000 ಬರಹಗಳಿಗಷ್ಟೇ ಖಾತರಿಯಿರುವ ಯುನೊದ ಫ್ಲ್ಯಾಶ್ ಸವೆಯುವುದಿಲ್ಲ. ಇದಕ್ಕೆ ಪ್ರತಿಯಾಗಿ, ಫಂಕ್ಷನ್ನಿಗೆ ಇನ್ನೊಂದು ಫಂಕ್ಷನ್ ಒಪ್ಪಿಸುವ ಸೌಕರ್ಯವನ್ನು ಎಂಟಾಸ್ಕ್ ಬಿಟ್ಟುಕೊಟ್ಟಿದೆ. ಸರಿಯಾದ ವ್ಯಾಪಾರ.

ನನ್ನ ತಕರಾರಿರುವುದು ಹಂಚಿಕೊಂಡ ಡೇಟಾದಲ್ಲಿ. ಸರ್ವರ್‌ನ 'ಶೇರ್' (ಹಂಚಿಕೊಂಡ ಡೇಟಾ) ಒಂದನ್ನು ಟಾಸ್ಕಿಗೆ ಇಳಿಸಿದಾಗ ಸಾಧನದಲ್ಲಿ ಅದರ ನಕಲು ಕೂರುತ್ತದೆ. ಸಂಪರ್ಕ ಕಡಿದರೆ ಎಕ್ಸೆಪ್ಷನ್ ಬರುತ್ತದೆ, ಅದನ್ನು ಹಿಡಿದು ಕೆಲಸವನ್ನು ಬೇರೊಂದು ಸಾಧನಕ್ಕೆ ಕಳಿಸಬಹುದು. ವೈಫೈ ಬರೀ ತಡವರಿಸಿದರೆ? ಎರಡು ಕಡೆ ಎರಡು ಮೌಲ್ಯ, ಕೋಡಿನಲ್ಲಿ ಒಂದೇ ಹೆಸರು. ಆ ಶೇರಿನ ಟೈಪ್ ಏನೂ ಹೇಳುವುದಿಲ್ಲ. ಉದಾಹರಣೆಗೆ, ಹಸಿರುಮನೆಯ ಫ್ಯಾನ್ ಓಡಿಸುವ ತಾಪದ ಮಿತಿಯನ್ನು 30ರಿಂದ 25ಕ್ಕೆ ಇಳಿಸಿದವರಿಗೆ ಫ್ಯಾನ್ ಈಗ ಯಾವ ಸಂಖ್ಯೆ ನೋಡುತ್ತಿದೆಯೆಂದು ತಿಳಿಯುವ ದಾರಿ ಆ ಟೈಪಿನೊಳಗೇ ಇರಬೇಕಿತ್ತು.