ಕಡಿಮೆ ಆಮ್ಲಜನಕದ ಜ್ವಾಲೆ: ಗಣಕ ಮಾದರಿಯ ಒಂದು ವಿಮರ್ಶೆ

ಆಮ್ಲಜನಕ ವಿರಳವಾದ ಬಿಸಿ ಅನಿಲದಲ್ಲಿ ಇಂಧನ ಉರಿದಾಗ ಜ್ವಾಲೆ ಬಹುಮಟ್ಟಿಗೆ ಕಣ್ಮರೆಯಾಗುತ್ತದೆ. ಉಷ್ಣತೆಯ ಶಿಖರಗಳು ತಗ್ಗುವುದರಿಂದ ನೈಟ್ರೋಜನ್ ಆಕ್ಸೈಡುಗಳೂ ಇಳಿಯುತ್ತವೆ. ಇಂಥ ದಹನದ ಗಣಕ ಮಾದರಿಗಳಿಗೆ ಒರೆಗಲ್ಲಾದದ್ದು ಡ್ಯಾಲಿ, ಕಾರ್ಪೆಟಿಸ್ ಮತ್ತು ಬಾರ್ಲೊ 2002ರಲ್ಲಿ ಪ್ರಕಟಿಸಿದ ಅಳತೆಗಳು. ಅಲ್ಲಿ ಮೀಥೇನ್-ಹೈಡ್ರೋಜನ್ ಧಾರೆಯನ್ನು ಸುತ್ತುವರಿದ ಸುಮಾರು 1300 ಕೆಲ್ವಿನ್‌ನ ಅನಿಲದಲ್ಲಿ ಆಮ್ಲಜನಕ ತೂಕದಲ್ಲಿ ಶೇ. 9, 6, ಕೊನೆಗೆ 3 ಮಾತ್ರ.

2005ರಲ್ಲಿ ಕ್ರಿಸ್ಟೊ ಮತ್ತು ಡ್ಯಾಲಿ, ವಿವರವಾದ ರಸಾಯನಕ್ರಿಯೆಯನ್ನು ಒಳಗೊಂಡ ಸುಳಿ-ಕ್ಷಯ ಮಾದರಿಯೇ ಉಳಿದವುಗಳಿಗಿಂತ ಮೇಲೆಂದು ತೋರಿಸಿದರು. ಆದರೆ ಶೇ. 3ರ ಜ್ವಾಲೆಯಲ್ಲಿ, ಮೂತಿಯಿಂದ ದೂರ ಸರಿದಂತೆ, ಅದೂ ಎಡವಿತು. ಕಾರಣ ಸ್ಪಷ್ಟ: ಕ್ರಿಯೆಯು ಸೂಕ್ಷ್ಮ ಸುಳಿಗಳಲ್ಲೇ ಕ್ಷಿಪ್ರವಾಗಿ ಮುಗಿಯುವುದೆಂಬ ಗ್ರಹಿಕೆ ಈ ಮಾದರಿಯ ಬುನಾದಿ, ಇಲ್ಲಿಯಾದರೋ ಕ್ರಿಯೆಯ ಕಾಲ ಬೆರೆಯುವ ಕಾಲಕ್ಕೆ ಸರಿಸಮ.

ಆನಂತರದ ಸಂಶೋಧಕರು ಕಂಡುಕೊಂಡ ದಾರಿ, ಮಾದರಿಯ ಕಾಲ-ಸ್ಥಿರಾಂಕವನ್ನು 0.4083ರಿಂದ 3ರವರೆಗೆ ಏರಿಸುವುದು. ಉಷ್ಣತೆಯ ರೇಖೆ ಅಳತೆಗೆ ಹತ್ತಿರವಾಯಿತು, ನಿಜ. ಆದರೆ ಅಳತೆಯನ್ನು ಕಂಡ ಮೇಲೆ ಆರಿಸಿದ ಸ್ಥಿರಾಂಕವನ್ನು (ಸ್ಥಿರಾಂಕವೆಂಬ ಹೆಸರೂ ಅದಕ್ಕೆ ಸಲ್ಲುವುದೇ?) ಮುನ್ಸೂಚನೆಯೆನ್ನಲಾಗದು, ಇನ್ನೂ ಕಟ್ಟದ ಕುಲುಮೆಯ ವಿನ್ಯಾಸಕಾರನಿಗೆ ಅದರಿಂದ ಒದಗುವುದು ಅಲ್ಪ. 2016ರಲ್ಲಿ ಪರೇಂತೆ ಮತ್ತು ಸಂಗಡಿಗರು ಸ್ಥಿರಾಂಕಗಳನ್ನು ಸ್ಥಳೀಯ ರೆನಾಲ್ಡ್ಸ್ ಹಾಗೂ ಡಾಮ್‌ಕೊಲರ್ ಸಂಖ್ಯೆಗಳಿಗೆ ಬೆಸೆದದ್ದು ಈ ಕಾರಣಕ್ಕಾಗಿಯೇ ಹೆಚ್ಚು ಮನ್ನಣೆಗೆ ಅರ್ಹ. ಅಲ್ಲಿ ಬದಲಾವಣೆಗೆ ಭೌತಿಕ ಆಧಾರವಿದೆ.