ಪಿತೂರಿಯ ಕೋಶವೂ ಪುಲಿಗೆರೆಯ ಕಲ್ಲೂ

ಜಗತ್ತಿನ ಒಳಸಂಚುಗಳನ್ನೆಲ್ಲ ಒಂದೆಡೆ ಕಲೆಹಾಕಿ, ಅಧಿಕಾರಸ್ಥರು ಮುಚ್ಚಿಹಾಕಿದರೆಂದು ಜನರು ನಂಬಿರುವ ಸಂಗತಿಗಳಿಗೆ ಒಂದೊಂದು ನಮೂದನ್ನು ಕಲ್ಪಿಸಿ, ಬೇಕೆಂದಾಗ ತೆರೆದು ನೋಡುವಂತೆ ಸಿದ್ಧಪಡಿಸಿದ ಕೈಪಿಡಿಗಳು ಈಚಿನ ದಶಕಗಳಲ್ಲಿ ಇಂಗ್ಲಿಷಿನಲ್ಲಿ ಹೇರಳವಾಗಿ ಹೊರಬಂದಿವೆ. ಜೇಮ್ಸ್ ಮ್ಯಾಕ್‌ಕೊನಾಕಿ ಮತ್ತು ರಾಬಿನ್ ಟಜ್ ಎಂಬಿಬ್ಬರು 2005ರಲ್ಲಿ ಪ್ರಕಟಿಸಿದ ‘ರಫ್ ಗೈಡ್ ಟು ಕಾನ್ಸ್‌ಪಿರಸಿ ಥಿಯರೀಸ್’ ಅವುಗಳಲ್ಲಿ ಹೆಸರಾದುದು, ಜಾನ್ ಇ. ಲೂಯಿಸ್ ಎಂಬವರ ‘ಮ್ಯಾಮತ್ ಬುಕ್ ಆಫ್ ಕವರ್-ಅಪ್ಸ್’ ಅದೇ ಜಾತಿಯ ಇನ್ನೊಂದು ದಪ್ಪನೆಯ ಗ್ರಂಥ. ಬೇಸಗೆಯ ಮಧ್ಯಾಹ್ನಗಳಲ್ಲಿ, ಬೆಟಗೇರಿಯ ಮಗ್ಗಗಳ ಸದ್ದು ಕಿಟಕಿಯಿಂದ ಬರುತ್ತಿರಲು, ಇವೆರಡನ್ನೂ ನಾನು ಓದಿದೆನು. ಓದುವಾಗ ಪಕ್ಕದಲ್ಲಿ ಇಂತಹುದೇ ಆದರೂ ಯಾರೂ ಇಂತಹುದೆಂದು ಕರೆಯದ ಮತ್ತೊಂದು ಕೋಶವನ್ನು, ಎಂದರೆ 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಗೆಜೆಟಿಯರಿನ ಧಾರವಾಡ ಸಂಪುಟವನ್ನು, ಇರಿಸಿಕೊಂಡಿದ್ದೆನು. ಆ ಜೊತೆಗೂಡಿದ ಓದಿನಿಂದ ಹುಟ್ಟಿದ ಅಭಿಪ್ರಾಯವನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಕಡೆಯ ಆಡುಮಾತಿನಲ್ಲಿ ಒಂದು ಸೂಕ್ಷ್ಮವುಂಟು. ಊರಿನಲ್ಲಿ ಏನಾದರೂ ಸಂದೇಹಾಸ್ಪದವಾದುದು ನಡೆದಾಗ ಚಹದ ಅಂಗಡಿಯ ಮುಂದೆ ಕುಳಿತವನು ಮೊದಲು “ಇದರಾಗ ಏನೋ ಐತಿ” ಎನ್ನುತ್ತಾನೆ. ಎದುರಿಗಿದ್ದವನು ತುಸು ಯೋಚಿಸಿ “ಇದ್ದೀತು” ಎನ್ನುತ್ತಾನೆ. ಮರುದಿನ ಮೂರನೆಯವನು ಬೇರೆಡೆಯಲ್ಲಿ ಅದನ್ನೇ ಹೇಳುವಾಗ “ಐತಂತ” ಎನ್ನುತ್ತಾನೆ. ಕಂಡದ್ದು, ಊಹಿಸಿದ್ದು, ಕೇಳಿದ್ದು ಎಂಬ ಮೂರು ಮಜಲುಗಳನ್ನು ನಮ್ಮ ಭಾಷೆ ಕ್ರಿಯಾಪದದ ಕೊನೆಯಲ್ಲಿಯೇ ಇಷ್ಟು ಸಹಜವಾಗಿ ಗುರುತಿಸಿಕೊಟ್ಟಿರಲು, ವಿದ್ವತ್ತಿನ ವೇಷ ತೊಟ್ಟು ಬಂದ ಕೋಶಗ್ರಂಥವು ಆ ಭೇದವನ್ನು ಅಳಿಸಿಬಿಡುವುದಾದರೆ ಅದನ್ನು ಸಣ್ಣ ದೋಷವೆಂದು ಎಣಿಸುವಂತಿಲ್ಲ.

ದೋಷದ ಮೂಲವಿರುವುದು ಕೋಶದ ರಚನೆಯಲ್ಲಿ. ನಮೂದುಗಳೆಲ್ಲ ಸಮಾನ ಗಾತ್ರದವು, ಸಮಾನ ಅಕ್ಷರದವು, ಸಮಾನ ಗಾಂಭೀರ್ಯದವು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಜನರ ರೋಗಕ್ಕೆ ತಕ್ಕ ಔಷಧವಿದ್ದರೂ ಕೊಡದೆ, ರೋಗದ ಗತಿಯನ್ನಷ್ಟೇ ನೋಡುತ್ತ ಕುಳಿತ ಸರಕಾರದ ದುಷ್ಕೃತ್ಯ, ದಾಖಲೆಗಳಿಂದ ಪ್ರತ್ಯಕ್ಷವಾದುದು, ಯಾವುದೋ ಗ್ರಹಾಂತರದ ಜೀವಿಗಳ ಕಥೆಯ ಸಹಪಂಕ್ತಿಯಲ್ಲಿ ಕೂಡುತ್ತದೆ. ಲೂಯಿಸ್ ಮಹಾಶಯರು ಈ ತೊಡಕನ್ನು ಬಲ್ಲವರೇ ಆದಕಾರಣ ಒಂದೊಂದು ಸಂಗತಿಗೂ ಹತ್ತರಲ್ಲಿ ಇಷ್ಟೆಂದು ಅಂಕಿಯನ್ನು ಕೊಟ್ಟಿರುತ್ತಾರೆ. ಆದರೆ ಆ ಅಂಕಿಯನ್ನು ಯಾವ ತಕ್ಕಡಿಯಲ್ಲಿ ತೂಗಿ ಪಡೆದರೆಂಬುದು ಓದುಗನಿಗೆ ಕಾಣುವುದಿಲ್ಲ. ಕಾಣದ ತಕ್ಕಡಿಯ ತೂಕವನ್ನು ನಂಬುವುದು ಸಂತೆಯಲ್ಲಿಯೂ ರೂಢಿಯಿಲ್ಲ. ಮ್ಯಾಕ್‌ಕೊನಾಕಿ ಮತ್ತು ಟಜ್ ಅವರ ಗ್ರಂಥವನ್ನು ನಾನು ಇದಕ್ಕಿಂತ ಮೇಲೆಂದು ಎಣಿಸುವುದಕ್ಕೆ ಕಾರಣ, ಅವರು ಕಥೆಯನ್ನು ಹೇಳಿದ ಮೇಲೆ ಆಧಾರಗ್ರಂಥಗಳನ್ನು ಸೂಚಿಸಿ, ಓದುಗನನ್ನು ಹೊರಗಣ ದಾರಿಗೆ ಹಚ್ಚುತ್ತಾರೆಂಬುದು.

1857ರ ಎರಡು ವದಂತಿಗಳನ್ನು ತೆಗೆದುಕೊಳ್ಳಿರಿ. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬನ್ನು ಸವರಿರುವರೆಂಬುದು ಒಂದು. ಹಿಟ್ಟಿನಲ್ಲಿ ಎಲುಬಿನ ಪುಡಿಯನ್ನು ಬೆರೆಸಿ ಜನರ ಜಾತಿಯನ್ನು ಕೆಡಿಸಲು ಕಂಪನಿ ಸರಕಾರ ಹವಣಿಸಿರುವುದೆಂಬುದು ಇನ್ನೊಂದು. ಒಂದೇ ವರ್ಷದಲ್ಲಿ, ಒಂದೇ ಭಯದಿಂದ, ಒಂದೇ ಬಾಯಿಗಳಿಂದ ಎರಡೂ ಹರಡಿದವು. ಎರಡನೆಯದಕ್ಕೆ ಇಂದಿಗೂ ಆಧಾರವಿಲ್ಲ. ಮೊದಲನೆಯದನ್ನಾದರೋ ಆಗಿನ ಅಧಿಕಾರಿಗಳು ಹುಸಿಯೆಂದು ಸಾರಿದರೂ, ಮೂರು-ನಾಲ್ಕು ದಶಕಗಳ ತರುವಾಯ ಸರಕಾರದ ಕಾಗದಪತ್ರಗಳನ್ನು ಶೋಧಿಸಿದ ಫಾರೆಸ್ಟ್ ಎಂಬ ಇತಿಹಾಸಕಾರರು ಆ ಲೇಪದಲ್ಲಿ ನಿಷಿದ್ಧವಸ್ತುಗಳು ಇದ್ದುದು ನಿಜವೆಂದು ತೋರಿಸಿದರು. ದಂಗೆಯನ್ನು ಅಡಗಿಸುವಲ್ಲಿ ಸ್ವತಃ ಹೋರಾಡಿದ ಲಾರ್ಡ್ ರಾಬರ್ಟ್ಸ್ 1897ರ ತಮ್ಮ ಆತ್ಮಕಥನದಲ್ಲಿ ಅದನ್ನು ಒಪ್ಪಿಕೊಂಡರು. ‘ವದಂತಿ’ ಎಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿ ಈ ಎರಡನ್ನೂ ಕಟ್ಟಿಡುವ ಕೋಶವು ಸಿಪಾಯಿಗೂ ಅನ್ಯಾಯ ಮಾಡುತ್ತದೆ, ಸತ್ಯಕ್ಕೂ ಅನ್ಯಾಯ ಮಾಡುತ್ತದೆ.

ಈಗ ನಮ್ಮ ಗೆಜೆಟಿಯರಿನತ್ತ ತಿರುಗುವ. ಅದರಲ್ಲಿ 1858ರ ಮುಂಡರಗಿಯ ವೃತ್ತಾಂತವನ್ನು ಓದಿದವರಿಗೆ, ನಿಜವಾದ ಪಿತೂರಿಯೊಂದು ಕೋಶದೊಳಗೆ ಸೇರುವಾಗ ಯಾವ ರೂಪವನ್ನು ತಾಳುತ್ತದೆಂಬುದು ಮನವರಿಕೆಯಾಗದಿರದು. ಕಂಪನಿಯ ಕೈಕೆಳಗೆ ಮಾಮಲೇದಾರನಾಗಿದ್ದು ಕೆಲಸವನ್ನು ಕಳೆದುಕೊಂಡಿದ್ದ ಮುಂಡರಗಿಯ ಭೀಮರಾಯನು ಹಮ್ಮಿಗಿಯ ದೇಸಾಯಿ ಕೆಂಚನಗೌಡನೊಡಗೂಡಿ ಮೇ 24ರ ಸುಮಾರಿಗೆ ಡಂಬಳದ ಖಜಾನೆಯ ಮೇಲೆ ಬಿದ್ದನು. ಅಲ್ಲಿಂದ ಕೊಪ್ಪಳದ ಕೋಟೆಯನ್ನು ಹಿಡಿದನು. ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನ ತಲೆ ಕಡಿದರು. ಜೂನ್ ಮೊದಲಲ್ಲಿ ಕೊಪ್ಪಳದ ಕೋಟೆಯೂ ನರಗುಂದದ ಕೋಟೆಯೂ ಬಿದ್ದವು. ಭೀಮರಾಯನೂ ಕೆಂಚನಗೌಡನೂ ಕೊಪ್ಪಳದಲ್ಲಿಯೇ ಮಡಿದರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆರಂಭದಿಂದ ಅಂತ್ಯದವರೆಗೆ ಇಪ್ಪತ್ತು ದಿನಗಳು.

ಇಷ್ಟು ವೇಗವಾಗಿ ಹತ್ತಿ ಆರಿದ ಬೆಂಕಿಯ ಹಿಂದೆ ಮೊದಲೇ ಒಪ್ಪಂದವಿದ್ದಿತೆ? ಗೆಜೆಟಿಯರು ಇತ್ತೆಂದೇ ಹೇಳುತ್ತದೆ. ರಾಮದುರ್ಗದ ಅರಸನು ತನ್ನ ಬಂಧುವಾದ ನರಗುಂದದ ಅರಸನಿಂದ ಬಂದ ಪತ್ರವನ್ನು ಮ್ಯಾನ್ಸನ್ನನಿಗೆ ತೋರಿಸಿದನೆಂದು ಬರೆಯುತ್ತದೆ. ಪತ್ರವೊಂದಿತ್ತೆಂಬುದು ಬಲವಾದ ಸಾಕ್ಷಿ. ಇಂದಿನ ಸಂಚುಕೋಶಗಳ ಬಹುಪಾಲು ನಮೂದುಗಳಿಗೆ ಅಷ್ಟು ಗಟ್ಟಿಯಾದ ಆಧಾರವೂ ಇಲ್ಲ. ಆದರೂ ಆ ಪುಟಗಳನ್ನು ತಿರುಗಿ ತಿರುಗಿ ಓದುವಾಗ ನನ್ನ ಮನಸ್ಸಿಗೆ ನಾಟುವುದು ಬೇರೊಂದು ಸಂಗತಿ: ಅಲ್ಲಿ ಮಾತನಾಡುವವರೆಲ್ಲ ಬಂಡಾಯವನ್ನು ಮುರಿದವರೇ. ಭೀಮರಾಯನ ಕೈಬರಹದ ಒಂದು ಸಾಲು ಅಲ್ಲಿ ದೊರೆಯದು. ದತ್ತಕವನ್ನು ಒಪ್ಪದೆ ಸಂಸ್ಥಾನಗಳನ್ನು ಅಂಚಿಗೆ ನೂಕಿದ ನೀತಿ, ಮನೆಮನೆಯ ಆಯುಧಗಳನ್ನು ಕಸಿದುಕೊಂಡ ಕಾಯದೆ, ಅದೇ ಕಾಯದೆಯ ನಿಮಿತ್ತ 1857ರ ನವೆಂಬರದಲ್ಲಿ ಹಲಗಲಿಯ ಬೇಡರ ಮೇಲೆ ಎರಗಿದ ದಂಡು, ಇವು ಸಂಚಿನ ಕಾರಣಗಳಾಗಿ ಅಲ್ಲಿ ಸಂಕ್ಷೇಪವಾಗಿ ಬಂದುಹೋಗುತ್ತವೆ. ಸಂಚುಕೋರರ ಸ್ವಭಾವವಾದರೋ ವಿಸ್ತಾರವಾಗಿ ಬರುತ್ತದೆ. ‘ಫಿತೂರಿ’ ಎಂಬ ಮಾತು ನಮ್ಮ ಸೀಮೆಗೆ ಮರಾಠಿ ದಫ್ತರದ ದಾರಿಯಿಂದ ಬಂದುದು. ದಫ್ತರದಲ್ಲಿ ಅದು ಯಾವಾಗಲೂ ಎದುರಾಳಿಯ ಕೃತ್ಯದ ಹೆಸರು. ಸ್ವಂತದ ಕೃತ್ಯಕ್ಕೆ ‘ಬಂದೋಬಸ್ತು’ ಎಂದು ಬೇರೆ ಹೆಸರಿತ್ತು.

ಸ್ವಾತಂತ್ರ್ಯಾನಂತರದ ನಮ್ಮ ಬರೆಹಗಳು ಈ ತಕ್ಕಡಿಯನ್ನು ಇನ್ನೊಂದು ಬದಿಗೆ ವಾಲಿಸಿದವು. ಅಂದು ಅಪರಾಧಿಯೆಂದು ಬರೆಯಲ್ಪಟ್ಟವನು ಇಂದು ವೀರನಾದುದು ನ್ಯಾಯವೇ. ಅದರಲ್ಲಿ ನನಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಆದರೆ ತೋಟಾ, ಚಪಾತಿ, ನಾನಾಸಾಹೇಬನ ದೂತರು, ಸುರಪುರ, ನರಗುಂದ, ಮುಂಡರಗಿ ಎಲ್ಲವೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿದ್ದುವೆಂದು ಖಂಡಿತವಾಗಿ ಬರೆಯುವ ಲೇಖಕನು, ತಾನು ತಿರಸ್ಕರಿಸಿದ ಆಂಗ್ಲ ಅಧಿಕಾರಿಯ ಊಹೆಯನ್ನೇ, ಬೈಗುಳವನ್ನು ಕಳೆದು ಹೊಗಳಿಕೆಯನ್ನು ಕೂಡಿಸಿ, ಪುನಃ ಬರೆಯುತ್ತಿರುವನೆಂಬುದನ್ನು ಮರೆಯುತ್ತಾನೆ. ಸೂತ್ರಧಾರಿಯನ್ನು ಕಲ್ಪಿಸಿದಷ್ಟೂ ಮುಂಡರಗಿಯವನ ಸ್ವಂತ ಸಿಟ್ಟು, ಹಮ್ಮಿಗಿಯವನ ಸ್ವಂತ ಧೈರ್ಯ ಕುಗ್ಗುತ್ತ ಹೋಗುತ್ತವೆ. ಇದು ನನಗೆ ನೋವಿನ ವಿಷಯ.

ಇನ್ನು ಲಕ್ಷ್ಮೇಶ್ವರ. ಪ್ರಾಚೀನರ ಪುಲಿಗೆರೆಯಾದ ಈ ಊರಿನ ಶಂಖಬಸದಿಯ ಶಿಲೆಯೊಂದು, ಸಂಚುಕೋಶಗಳ ವಿಷಯದಲ್ಲಿ ನನಗೆ ಯಾವ ಗ್ರಂಥಕ್ಕಿಂತಲೂ ಹೆಚ್ಚಿನ ಪಾಠವನ್ನು ಹೇಳಿತು. ಅದರ ಮೇಲೆ ಗಂಗ ಮಾರಸಿಂಹನು ಶಕ 890ರಲ್ಲಿ, ಎಂದರೆ ಕ್ರಿ.ಶ. 968ರ ಸುಮಾರಿಗೆ, ಜಿನಾಲಯಕ್ಕೆ ಕೊಟ್ಟ ದತ್ತಿಯ ಶಾಸನವಿದೆ. ಅದರ ಕೆಳಗೆಯೇ ಬಾದಾಮಿ ಚಾಲುಕ್ಯ ವಿಕ್ರಮಾದಿತ್ಯನು ಶಕ 656ರಲ್ಲಿ ಕೊಟ್ಟುದೆಂದು ಹೇಳುವ ಶಾಸನವೂ ಇದೆ. ನಡುವೆ ಇನ್ನೂರಕ್ಕೂ ಮೇಲ್ಪಟ್ಟ ವರ್ಷಗಳ ಅಂತರ. ಅಕ್ಷರಗಳೋ, ಒಂದೇ ಕಾಲದವು. 1878ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇವುಗಳನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟರು ಮೊದಲು ನೋಡಿದುದು ಅಕ್ಷರವನ್ನು, ಅರ್ಥವನ್ನಲ್ಲ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಈ ಕ್ರಮದ ಬೆಲೆ ತಿಳಿದೀತು. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಹಾಸಿ, ಗಟ್ಟಿ ಕೂದಲಿನ ಕುಂಚದಿಂದ ಮೆಲ್ಲಮೆಲ್ಲನೆ ಬಡಿಯುತ್ತ ಹೋದಂತೆ ಕಾಗದವು ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ಆರುತ್ತ ಬಂದಾಗ ಬಟ್ಟೆಯುಂಡೆಯಿಂದ ಮಸಿ ಹಚ್ಚಿದರೆ ಕಲ್ಲಿನ ಮೈ ಕರಿಯಾಗಿಯೂ ಅಕ್ಷರಗಳು ಬಿಳಿಯಾಗಿಯೂ ಮೂಡುತ್ತವೆ. ಕಾಗದವನ್ನು ಸುಲಿದು ಬೆಳಕಿಗೆ ಹಿಡಿದಾಗ ಮೊದಲು ಕಣ್ಣಿಗೆ ಬೀಳುವುದು ಅರಸನ ಬಿರುದಲ್ಲ, ಒಂದು ‘ಬ’ಕಾರದ ತಲೆ, ಒಂದು ‘ಜ’ಕಾರದ ಬಾಲ. ಖ, ಜ, ಬ, ಲ ಮೊದಲಾದ ಕೆಲವು ಅಕ್ಷರಗಳ ಆಕಾರವನ್ನು ಫ್ಲೀಟರು ಕಾಲನಿರ್ಣಯದ ಒರೆಗಲ್ಲಾಗಿ ಬಳಸಿದರು. ಬಾದಾಮಿಯ ಅರಸನ ಮಾತು ಹತ್ತನೆಯ ಶತಮಾನದ ಅಕ್ಷರದಲ್ಲಿ ಬಂದರೆ, ಅದು ಬಾದಾಮಿಯ ಕಾಲದಲ್ಲಿ ಕೊರೆದುದಲ್ಲ ಎಂಬಷ್ಟು ನಿಶ್ಚಿತ.

ಅದರಿಂದಾಚೆಗೆ ಏನು? ಭೂಮಿಯ ಮೇಲಣ ಹಕ್ಕನ್ನು ಸಾಧಿಸಲು ಬಸದಿಯವರು ಹಳೆಯ ಅರಸರ ಹೆಸರಿನಲ್ಲಿ ಕಲ್ಪಿಸಿದ ಕೂಟಶಾಸನವೆಂದು ಕೆಲವರು ಅಂದರು. ಸವೆದುಹೋಗುತ್ತಿದ್ದ ತಾಮ್ರಪಟಗಳನ್ನು ಕಲ್ಲಿಗೆ ಏರಿಸಿದ ಪ್ರಾಮಾಣಿಕ ಪ್ರತಿಯೆಂದು ಕೆಲವರು ಅಂದರು. ಮೊದಲನೆಯದಾದರೆ ಸಂಚು; ಎರಡನೆಯದಾದರೆ ಸಂರಕ್ಷಣೆ. ಕಲ್ಲು ಅದೇ, ಅಕ್ಷರ ಅದೇ. ಸಂಚುಕೋಶದ ಕರ್ತೃವಿನ ಕೈಗೆ ಈ ಕಲ್ಲು ಸಿಕ್ಕಿದ್ದರೆ ಅವನು ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದನೆಂದು ನನ್ನ ದೃಢವಾದ ನಂಬಿಕೆ. ಏಕೆಂದರೆ ಅವನ ಪುಸ್ತಕದಲ್ಲಿ ಸಂರಕ್ಷಣೆಗೆ ಶೀರ್ಷಿಕೆಯೇ ಇಲ್ಲ. ಅರಿವಿನ ಗಡಿಯಲ್ಲಿ ನಿಂತು, ಇಷ್ಟು ಖಚಿತ, ಇನ್ನುಳಿದುದು ಊಹೆ ಎಂದು ಗೆರೆ ಎಳೆಯುವ ಸಂಯಮವನ್ನು ಅಂತಹ ಗ್ರಂಥದ ರಚನೆಯೇ ಬೆಂಬಲಿಸುವುದಿಲ್ಲ.

ಇದೇ ಫ್ಲೀಟರು, ಕಂಪನಿಯ ಉತ್ತರಾಧಿಕಾರಿಯಾದ ಸರಕಾರದ ನೌಕರರಾಗಿದ್ದೂ, ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ಅದೇ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಗೆಜೆಟಿಯರು ಕೇಳಿಸದ ದನಿಯನ್ನು ಲಾವಣಿಯು ಕೇಳಿಸುತ್ತದೆ. ಲಾವಣಿಕಾರನು ತಾನು ಹಾಡುವವನೆಂಬುದನ್ನು ಎಲ್ಲಿಯೂ ಅಡಗಿಸುವುದಿಲ್ಲ. ತನ್ನ ಹೆಸರನ್ನೂ ಊರನ್ನೂ ಕೊನೆಯಲ್ಲಿ ಹೇಳಿಯೇ ತೀರುವುದು ಅವನ ಸಂಪ್ರದಾಯ. ಕೋಶಕರ್ತೃವಿಗೆ ಇಲ್ಲದ ಈ ಸೌಜನ್ಯವನ್ನು ನಾನು ದೊಡ್ಡ ಗುಣವೆಂದು ಭಾವಿಸುತ್ತೇನೆ.

ನಮ್ಮ ಕಾಲದ ದೃಷ್ಟಾಂತವೂ ಒಂದಿರಲಿ. 1945ರ ಆಗಸ್ಟ್ 18ರ ವಿಮಾನಾಪಘಾತದಲ್ಲಿ ಸುಭಾಷಚಂದ್ರ ಬೋಸರು ತೀರಿಕೊಂಡರೆಂದು 1956ರ ಶಾ ನವಾಜ್ ಸಮಿತಿಯೂ 1974ರ ಖೋಸ್ಲಾ ಆಯೋಗವೂ ಹೇಳಿದವು. ಮುಖರ್ಜಿ ಆಯೋಗವು ಅದನ್ನು ಒಪ್ಪದೆ 2005ರಲ್ಲಿ ಬೇರೆಯಾಗಿ ನಿರ್ಣಯಿಸಿತು. ಸರಕಾರವು ಆ ನಿರ್ಣಯವನ್ನು ತಳ್ಳಿಹಾಕಿತು. ಇಂತಹ ವಿಷಯದಲ್ಲಿ ‘ರಹಸ್ಯವಾಗಿಯೇ ಉಳಿದಿದೆ’ ಎಂದು ಮುಗಿಸುವ ನಮೂದು ಓದುಗನಿಗೆ ಏನನ್ನೂ ಕೊಟ್ಟಂತಾಗಲಿಲ್ಲ. ಯಾವ ಸಮಿತಿಯು ಯಾರ ಸಾಕ್ಷ್ಯವನ್ನು ಕೇಳಿತು, ಯಾರು ಎಲ್ಲಿಗೆ ಹೋಗಿ ನೋಡಿದರು, ಯಾವ ಕಾಗದ ಯಾವಾಗ ದೊರೆಯಿತು ಎಂಬ ಹಾಸುಹೊಕ್ಕನ್ನು ಬಿಡಿಸಿ ತೋರಿಸಿದಾಗಲೇ ಅದು ಕೋಶವೆನ್ನಿಸಿಕೊಂಡೀತು.

ನನ್ನ ಗೆಜೆಟಿಯರಿನ ಪ್ರತಿಯ ಅಂಚುಗಳಲ್ಲಿ ಈಗ ಸೀಸಕಡ್ಡಿಯ ಗುರುತುಗಳಾಗಿವೆ. ಡಂಬಳದ ಖಜಾನೆಯ ಸಾಲಿನ ಪಕ್ಕ ‘ಐತಿ’ ಎಂದು ಬರೆದಿದ್ದೇನೆ. ರಾಮದುರ್ಗದ ಕಾಗದದ ಪಕ್ಕದಲ್ಲಿಯೂ, ತುಸು ಯೋಚಿಸಿದ ಮೇಲೆ, ಅದನ್ನೇ ಬರೆದೆನು. ದಕ್ಷಿಣದ ಅರಸರೆಲ್ಲ ಕೂಡಿ ಮಾಡಿದ ಸಂಕಲ್ಪವೆಂಬ ಮಾತಿನ ಪಕ್ಕದಲ್ಲಿ ‘ಇದ್ದೀತು’. ಪುಲಿಗೆರೆಯ ಕಲ್ಲಿನ ಪ್ರಸಂಗಕ್ಕೆ ಒಮ್ಮೆ ‘ಐತಂತ’ ಎಂದು ಬರೆದು, ಅಳಿಸಿ, ‘ಇದ್ದೀತು’ ಎಂದು ತಿದ್ದಿ, ಅದನ್ನೂ ಅಳಿಸಿದ್ದೇನೆ. ಕಾಗದವು ಅಲ್ಲಿ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರಗಳು ಕಾಣಿಸುತ್ತಿವೆ.