ಹಸ್ತಪ್ರತಿಸೂಚಿಯೂ ಸರ್ವರಿನ ಮೌನಪಾಠವೂ

ಓಲೆಗರಿಯ ಪ್ರತಿಯನ್ನು ಕೈಗೆತ್ತಿಕೊಂಡ ಸಂಪಾದಕನು ಮೊದಲು ಗುರುತಿಸುವುದು ಲಿಪಿಕಾರನ ರೂಢಿಗಳನ್ನು. ಎಕಾರ-ಏಕಾರಗಳನ್ನು ಬೇರ್ಪಡಿಸದ ಬರಹದ ಪದ್ಧತಿ ತಿಳಿಯದವನಿಗೆ ಪಾಠನಿರ್ಣಯ ಸಾಧ್ಯವಿಲ್ಲ. ಹಸ್ತಪ್ರತಿಸೂಚಿಗಳು ಗಣಕಯಂತ್ರವನ್ನು ಏರಿದ ಮೇಲೆ ಇದೇ ಎಚ್ಚರವು ಡೇಟಾಬೇಸ್ ಸರ್ವರಿಗೂ ಸಲ್ಲಬೇಕು. ಬಳಸುವವನು ಏನನ್ನೂ ವಿಧಿಸದಿದ್ದಾಗ ಸರ್ವರು ತಾನಾಗಿ ಹಿಡಿಯುವ ಪೂರ್ವನಿಯೋಜಿತ ಮೌಲ್ಯಗಳೇ ಅದರ ರೂಢಿ.

ಮೈಎಸ್‌ಕ್ಯೂಎಲ್ ತಂತ್ರಾಂಶವನ್ನೇ ನೋಡಬಹುದು. 5.7ನೆಯ ಆವೃತ್ತಿಯವರೆಗೆ ಅದರ ಪೂರ್ವನಿಯೋಜಿತ ಅಕ್ಷರಗಣ ‘ಲ್ಯಾಟಿನ್1’. ವಿಂಗಡಣೆಯ ಕ್ರಮ ಸ್ವೀಡಿಷ್ ಭಾಷೆಯದು. ಸ್ವೀಡನ್ನಿನಲ್ಲಿ ಹುಟ್ಟಿದ ತಂತ್ರಾಂಶಕ್ಕೆ ಇದು ಸಹಜವಾದರೂ ಕನ್ನಡಕ್ಕೆ ಅಪಾಯಕಾರಿ. ಅಂತಹ ಕೋಷ್ಟಕಕ್ಕೆ ಯೂನಿಕೋಡ್ ಸಂಪರ್ಕದ ಮೂಲಕ ಬಂದ ಕನ್ನಡದ ಅಕ್ಷರಗಳು, ಕಟ್ಟುನಿಟ್ಟಿನ ವಿಧಾನವಿಲ್ಲದಲ್ಲಿ, ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಸಂಪರ್ಕವೂ ಲ್ಯಾಟಿನ್ ಆಗಿದ್ದರೆ ದೋಷ ಇನ್ನೂ ಗೂಢ: ತೆರೆಯ ಮೇಲೆ ‘ಧವಲಾ’ ಸರಿಯಾಗಿಯೇ ಕಾಣುತ್ತದೆ, ಆದರೆ ಸರ್ವರಿನ ಲೆಕ್ಕದಲ್ಲಿ ಅದು ನಾಲ್ಕು ಸಂಕೇತಗಳ ಪದವಲ್ಲ, 12 ಅಕ್ಷರಗಳದು.

‘ಯುಟಿಎಫ್8’ ಎಂಬ ಹೆಸರೂ ಪೂರ್ಣ ವಿಶ್ವಾಸಾರ್ಹವಲ್ಲ. ಈ ಸರ್ವರಿನಲ್ಲಿ ಅದು ಮೂರು ಬೈಟುಗಳನ್ನು ಮಾತ್ರ ಒಪ್ಪುತ್ತದೆ. ಕನ್ನಡಕ್ಕೆ ಅಷ್ಟು ಸಾಕು. ನಾಲ್ಕು ಬೈಟುಗಳನ್ನು ಬೇಡುವ ಬ್ರಾಹ್ಮೀ, ಗ್ರಂಥ, 2024ರಲ್ಲಿ ಯೂನಿಕೋಡನ್ನು ಸೇರಿದ ತುಳು-ತಿಗಳಾರಿ ಲಿಪಿಗಳಿಗೆ ಸಾಲದು. 2010ರಲ್ಲಿ ಬಂದ ‘ಯುಟಿಎಫ್8ಎಂಬಿ4’ ಈ ಕೊರತೆಯನ್ನು ನೀಗಿತು, 2018ರ 8.0ನೆಯ ಆವೃತ್ತಿಯಲ್ಲಿ ಅದೇ ಪೂರ್ವನಿಯೋಜಿತವಾಯಿತು. ಹಳೆಯ ‘ಯುಟಿಎಫ್8’ ಜೊತೆಗೆ ತಾನಾಗಿ ಬರುವ ‘ಜನರಲ್’ ವಿಂಗಡಣೆಯಾದರೋ ಸಂಕೇತಸಂಖ್ಯೆಯನ್ನೇ ಅನುಸರಿಸಿ ಳಕಾರವನ್ನು ವಕಾರಕ್ಕಿಂತ ಮುಂಚೆ ಇಡುತ್ತದೆ. ಆದ್ದರಿಂದ ಸೂಚಿಯಲ್ಲಿ ‘ಬೆವರು’ ಪದಕ್ಕೆ ಮೊದಲೇ ‘ಬೆಳಗು’ ಬರುತ್ತದೆ. ಕನ್ನಡದ ಅಕಾರಾದಿ ಇದಕ್ಕೆ ವಿರುದ್ಧ.

ಹೊಸ ಆವೃತ್ತಿಯನ್ನು ಸ್ಥಾಪಿಸಿದೊಡನೆ ದೋಷ ಕಳೆಯಿತೆಂಬ ನಂಬಿಕೆಯೂ ನಿಲ್ಲದು. ಸರ್ವರಿನ ಮೌಲ್ಯ ಹೊಸ ಡೇಟಾಬೇಸಿಗೂ, ಅದರಿಂದ ಕೋಷ್ಟಕಕ್ಕೂ, ಕೊನೆಗೆ ಅಂಕಣಕ್ಕೂ ಇಳಿಯುತ್ತದೆ. ಹಿಂದೆ ರಚಿಸಿದ ಕೋಷ್ಟಕಗಳು ಹಳೆಯ ಅಕ್ಷರಗಣದಲ್ಲಿಯೇ ಉಳಿಯುತ್ತವೆ. ಆದುದರಿಂದ ‘ಶೋ ವೇರಿಯಬಲ್ಸ್’ ಆದೇಶದಿಂದ ಸರ್ವರನ್ನು ಪರೀಕ್ಷಿಸಿದರೆ ಸಾಲದು. ‘ಶೋ ಕ್ರಿಯೇಟ್ ಟೇಬಲ್’ ಆದೇಶದಿಂದ ಪ್ರತಿಯೊಂದು ಕೋಷ್ಟಕವನ್ನೂ ನೋಡಬೇಕು. ಸಂಪರ್ಕದ ಅಕ್ಷರಗಣವನ್ನೂ ಮರೆಯಲಾಗದು. 2015ರ 5.7ನೆಯ ಆವೃತ್ತಿಯಿಂದ ಪೂರ್ವನಿಯೋಜಿತವಾದ ಕಟ್ಟುನಿಟ್ಟಿನ ವಿಧಾನವನ್ನು ಅನುಕೂಲಕ್ಕಾಗಿ ಸಡಿಲಿಸುವುದು ತಪ್ಪು. ಅದು ಸಂದಿಗ್ಧ ಪಾಠವನ್ನು ನಿರಾಕರಿಸುತ್ತದೆ. ಸಡಿಲ ವಿಧಾನ ಎಚ್ಚರಿಕೆಯ ಟಿಪ್ಪಣಿಯೊಂದನ್ನು ಉಳಿಸಿ ಪಾಠವನ್ನೇ ಕೆಡಿಸುತ್ತದೆ.

‘ಧವಲಾ’, ‘ಧವಳಾ’ ಎಂಬ ಎರಡು ರೂಪಗಳು ಒಂದೇ ಟೀಕೆಯ ಹೆಸರೆಂಬುದನ್ನು ಯಾವ ಪೂರ್ವನಿಯೋಜನೆಯೂ ಅರಿಯದು. ಅದು ವಿದ್ವಾಂಸನ ಹೊಣೆ. ಗರಿ ಶಿಥಿಲವಾದ ಮೇಲೆ ಸೂಚಿಯಲ್ಲಿ ನಕಲಿಸಿದ ಆದ್ಯಂತವಾಕ್ಯಗಳೇ ಉಳಿದ ಸಾಕ್ಷ್ಯವಾಗಬಹುದು. ಅಲ್ಲಿ ಬಿದ್ದ ಪ್ರಶ್ನಾರ್ಥಕ ಚಿಹ್ನೆಗೆ ಮೂಲಪ್ರತಿಯಿಂದ ಉತ್ತರ ದೊರೆಯದು.